ಅಳಲು ಯಾವುದು, ಅಪವಾದ ಯಾವುದು?

ಬೆಳ್ಳಿತೆರೆಯ ಮೇಲಿನ ಮುಸ್ಲಿಮ್ ಮಹಿಳೆ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

2025ರ ಸೆಪ್ಟೆಂಬರ್ 22ರಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ನಾಡಹಬ್ಬ ದಸರಾವನ್ನು ಉದ್ಘಾಟಿಸಿದರು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಮೇ 20ರಂದು, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಕನ್ನಡದ ಕೃತಿಯೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ, ಮದುವೆ ಮನೆಗಳಲ್ಲಿ, ಶಾಲೆಯ ಸಿಬ್ಬಂದಿ ಕೋಣೆಗಳಲ್ಲಿ ಎಲ್ಲೆಲ್ಲೂ ಅವರದೇ ಮಾತು. ಆದರೆ ಅವರ ಕಥೆಯೊಂದು ಇಪ್ಪತ್ತೊಂದು ವರ್ಷಗಳ ಹಿಂದೆಯೇ ಚಲನಚಿತ್ರವಾಗಿತ್ತು, ಆ ಚಿತ್ರದ ನಾಯಕಿಗೆ ರಾಷ್ಟ್ರ ಪ್ರಶಸ್ತಿಯೂ ಬಂದಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ಕುರಿತಾದ ಸಿನಿಮಾಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮನೆಗಳಿವೆ. ಒಂದು ಮನೆಯಲ್ಲಿ ಸಿನಿಮಾ ಎಂಬ ಪದವೇ ನಿಷಿದ್ಧ. ಆದರೆ ಅದೇ ಮನೆಯ ಮಗಳು ಕಂಬಳಿಯೊಳಗೆ ಮೊಬೈಲ್ ಹಿಡಿದು ನೋಡುವುದು ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮನೆಯಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ಟಿವಿ ಓಡುತ್ತಲೇ ಇರುತ್ತದೆ. ಅದರಲ್ಲಿ ಏನು ಬರುತ್ತಿದೆ, ಅದು ಸುಳ್ಳೋ ನಿಜವೋ ಎಂದು ಯಾರೂ ಕೇಳುವುದಿಲ್ಲ. ಎರಡೂ ಮನೆಗಳಲ್ಲಿ ಮಕ್ಕಳು ಒಂಟಿಯಾಗಿಯೇ ನೋಡುತ್ತಾರೆ, ಒಂಟಿಯಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಈ ಎರಡರ ನಡುವೆ ಮೂರನೆಯ ದಾರಿಯೊಂದು ಇಲ್ಲವೇ?

ಸಿನಿಮಾ ಹುಚ್ಚಿನ ಖಾಲಾ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನನಗೆ ಪರಿಚಯದ ಖಾಲಾ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಐದು ಹೊತ್ತಿನ ನಮಾಝ್ ತಪ್ಪಿಸದವರು. ಜೊತೆಗೆ ಸಿನಿಮಾ ಹುಚ್ಚು. ಪರ್ದಾ ಹಾಕಿಕೊಂಡು ಅತ್ತೆಯ ಜೊತೆ ಮ್ಯಾಟಿನಿಗೆ ಹೋಗುತ್ತಿದ್ದ ಕಾಲದಿಂದ ಹಿಡಿದು ಇಂದು ಮೊಮ್ಮಗಳ ಮೊಬೈಲಿನಲ್ಲಿ ನೋಡುವವರೆಗೆ ಅವರು ನೋಡಿದ ಚಿತ್ರಗಳಿಗೆ ಲೆಕ್ಕವಿಲ್ಲ. 2020ರಲ್ಲಿ ಶಾಂತಲಾ ಚಿತ್ರಮಂದಿರ ಮುಚ್ಚಿತೆಂದು ತಿಳಿದಾಗ ಬಂಧುವೊಬ್ಬರು ತೀರಿಕೊಂಡಂತೆ ಮುಖ ಸಣ್ಣ ಮಾಡಿಕೊಂಡಿದ್ದರು.

ಆದರೆ ಖಾಲಾ ಕಣ್ಣು ಮುಚ್ಚಿ ಮೆಚ್ಚುವವರಲ್ಲ. “ಬೇಟಿ, ಅರವತ್ತು ವರ್ಷದಿಂದ ನೋಡ್ತಿದ್ದೀನಿ. ಸಿನಿಮಾದಲ್ಲಿ ಮುಸಲ್ಮಾನ ಬಂದ ಅಂದ್ರೆ ಮೂರೇ ವೇಷ. ಒಂದು, ಹೀರೋಗೋಸ್ಕರ ಪ್ರಾಣ ಬಿಡೋ ಚಾಚಾ. ಎರಡು, ಸುರ್ಮಾ ಹಚ್ಚಿ ಬಾಂಬ್ ಇಡೋನು. ಮೂರು, ಗೋರಿ ಮುಂದೆ ಕುಂತು ಖವ್ವಾಲಿ ಹಾಡೋನು. ಕರೆಂಟ್ ಬಿಲ್ ಕಟ್ಟೋಕೆ ಕ್ಯೂನಲ್ಲಿ ನಿಂತ ಮುಸಲ್ಮಾನನ್ನ ಯಾವ ಸಿನಿಮಾದಲ್ಲಿ ನೋಡಿದ್ದೀಯ ಹೇಳು” ಎಂದು ಕೇಳುತ್ತಾರೆ. ಹೆಂಗಸರ ವಿಷಯಕ್ಕೆ ಬಂದರೆ ವೇಷ ಎರಡೇ ಎನ್ನುವುದು ಅವರ ಲೆಕ್ಕ. ಒಂದು ಬುರ್ಖಾ ಸರಿಸಿ ಓಡಿಹೋಗುವ ಸುಂದರಿ, ಇನ್ನೊಂದು ಮೂಲೆಯಲ್ಲಿ ಅಳುವ ಅಮ್ಮೀಜಾನ್.

ನಾನು ಪಾಠ ಹೇಳುವ ಹೆಣ್ಣುಮಕ್ಕಳು ಶಾಲೆ, ಕಾಲೇಜುಗಳಲ್ಲಿ ಸಹಪಾಠಿಗಳಿಂದ ಎದುರಿಸುವ ಪ್ರಶ್ನೆಗಳನ್ನು ತಂದು ನನ್ನ ಮುಂದೆ ಇಡುತ್ತಾರೆ. “ಆಪಾ, ಹಲಾಲಾ ಅಂದ್ರೆ ಏನು? ನಿಮ್ಮಲ್ಲಿ ಹಾಗೆ ಮಾಡ್ತಾರಂತೆ ಅಂತ ಕೇಳ್ತಾರೆ, ಏನು ಹೇಳಲಿ?” ಇಂಥ ಪ್ರಶ್ನೆ ಬರುವುದು ಬಹುಪಾಲು ಯಾವುದೋ ಸಿನಿಮಾ ಬಿಡುಗಡೆಯಾದ ವಾರದಲ್ಲಿ. ಉತ್ತರ ತಿಳಿಯದ ಹುಡುಗಿ ಒಂದೋ ತಲೆ ತಗ್ಗಿಸುತ್ತಾಳೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾಳೆ. ಈ ಲೇಖನ ಬರೆಯಬೇಕೆನಿಸಿದ್ದು ಆ ಮಕ್ಕಳಿಗಾಗಿ. ಖಾಲಾ ಅವರ ಅನುಭವವನ್ನೂ ದೀನ್ ನಮಗೆ ಕಲಿಸಿದ್ದನ್ನೂ ಜೊತೆಗಿಟ್ಟು ಕೆಲವು ಚಿತ್ರಗಳನ್ನು ನೋಡೋಣ.

ನೋಡುವುದೇ ತಪ್ಪೇ?

ಮೊದಲು ಈ ಪ್ರಶ್ನೆಯನ್ನು ಎದುರಿಸಬೇಕು. ಸಿನಿಮಾದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪೂರ್ಣವಾಗಿ ದೂರವಿರುವವರ ನಿಲುವನ್ನು ನಾವು ಗೌರವಿಸಬೇಕು. ಆದರೆ ಮನರಂಜನೆಯೆಂಬುದೇ ಇಸ್ಲಾಮಿನಲ್ಲಿ ಇಲ್ಲವೆಂದು ಹೇಳುವುದು ಸರಿಯಲ್ಲ. ಹಬ್ಬದ ದಿನ ಅಬಿಸೀನಿಯಾದವರು ಮಸೀದಿಯ ಅಂಗಳದಲ್ಲಿ ಈಟಿಯ ಆಟ ಪ್ರದರ್ಶಿಸುತ್ತಿದ್ದಾಗ ಪ್ರವಾದಿ(ಸ)ಯವರು ಹಝ್ರತ್ ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರಿಗೆ ಸಾಕೆನಿಸುವವರೆಗೂ ತೋರಿಸಿದರು ಎಂದು ಬುಖಾರಿಯ ಹದೀಸ್‌ಗಳಲ್ಲಿ ಬಂದಿದೆ. ಪವಿತ್ರ ಕುರ್‌ಆನ್ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಅತ್ಯುತ್ತಮ ಕಥನವೆಂದು ಕರೆದಿದೆ. ಕಥೆಯಿಂದ ಮನಸ್ಸು ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಎಲ್ಲೆಗಳು ಖಂಡಿತ ಇವೆ. ಅಶ್ಲೀಲತೆ ಬೇಡ, ನಮಾಝ್‌ನ ಹೊತ್ತು ಮೀರುವುದು ಬೇಡ, ಕೆಡುಕನ್ನು ಮೆಚ್ಚಿಸುವುದು ಬೇಡ. ಖಾಲಾ ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟಿದೆ. ಅಝಾನ್ ಕೇಳಿದೊಡನೆ ಚಿತ್ರ ಎಲ್ಲಿದ್ದರೂ ಅಲ್ಲೇ ನಿಲ್ಲಬೇಕು. “ಕಥೆ ಎಲ್ಲೂ ಓಡಿಹೋಗಲ್ಲ, ವಕ್ತ್ ಓಡಿಹೋಗುತ್ತೆ” ಎನ್ನುತ್ತಾರೆ.

ಮಸೀದಿಯ ಮುಂದೆ ಕುಳಿತ ಹಸೀನಾ

ಆರಂಭದಲ್ಲಿ ಹೇಳಿದ ಚಿತ್ರ ‘ಹಸೀನಾ’. ಬಾನು ಮುಷ್ತಾಕ್‌ರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ನಿರ್ದೇಶಿಸಿದ್ದು. ಹಸೀನಾಳ ಪಾತ್ರ ಮಾಡಿದ ನಟಿ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಕುಟುಂಬ ಕಲ್ಯಾಣ ವಿಷಯದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ ಅದಕ್ಕೆ ಸಂದಿತು. ಗಂಡ ಆಟೋ ಚಾಲಕ. ಹುಟ್ಟಿದ್ದೆಲ್ಲ ಹೆಣ್ಣು ಎಂಬ ಕಾರಣಕ್ಕೆ ಹೆಂಡತಿ ಮಕ್ಕಳನ್ನು ತೊರೆಯುತ್ತಾನೆ. ಹಸೀನಾ ನ್ಯಾಯ ಕೇಳಿ ಜಮಾಅತ್‌ನ ಮುತವಲ್ಲಿಯ ಬಳಿ ಹೋಗುತ್ತಾಳೆ. ಅರ್ಜಿಗೆ ಉತ್ತರವಿಲ್ಲ. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕುಳಿತುಬಿಡುತ್ತಾಳೆ.

ಇಂಥ ಚಿತ್ರದ ಬಗ್ಗೆ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನಮ್ಮ ಮನೆಯ ಕೊಳೆಯನ್ನು ಊರ ಮುಂದೆ ಯಾಕೆ ಹರವಬೇಕು?’ ಅದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕುರ್‌ಆನಿನ ಐವತ್ತೆಂಟನೆಯ ಅಧ್ಯಾಯ ‘ಅಲ್ ಮುಜಾದಿಲಃ’. ವಾದಿಸುವ ಮಹಿಳೆ ಎಂಬುದೇ ಅದರ ಹೆಸರು. ಖೌಲಾ ಬಿಂತ್ ಸಅಲಬ(ರ) ಎಂಬ ಮಹಿಳೆ ತನ್ನನ್ನು ಅನ್ಯಾಯವಾಗಿ ಹೊರಗಿಟ್ಟ ಗಂಡನ ಬಗ್ಗೆ ಪ್ರವಾದಿ(ಸ)ಯವರ ಬಳಿ ಬಂದು ದೂರಿದರು. ಅಷ್ಟಕ್ಕೇ ಬಿಡದೆ ವಾದಿಸಿದರು. ಅಲ್ಲಾಹನು ಆ ಮಹಿಳೆಯ ಮಾತನ್ನು ಆಲಿಸಿದೆನೆಂದು ತಿಳಿಸಿ, ‘ಝಿಹಾರ್’ ಎಂಬ ಆ ಕಾಲದ ಕೆಟ್ಟ ಪದ್ಧತಿಯನ್ನು ಖಂಡಿಸಿ ಪರಿಹಾರವನ್ನು ಅವತೀರ್ಣಗೊಳಿಸಿದನು. ಒಬ್ಬ ಹೆಣ್ಣಿನ ಮನೆಯೊಳಗಿನ ದೂರು ಲೋಕಾಂತ್ಯದವರೆಗೆ ಪಠಿಸಲ್ಪಡುವ ಗ್ರಂಥದಲ್ಲಿ ಸೇರಿತು. ‘ಮನೆಯ ಮಾತನ್ನು ಹೊರಗೆ ಯಾಕೆ ತಂದೆ’ ಎಂದು ಆಕೆಯನ್ನು ಗದರಿಸಲಾಗಲಿಲ್ಲ.

ಹಾಗಾದರೆ ತೆರೆಯ ಮೇಲಿನ ಹಸೀನಾ ದೂರಿದರೆ ನಮಗೇಕೆ ಸಿಟ್ಟು? ಆಕೆ ಇಸ್ಲಾಮಿನ ವಿರುದ್ಧ ದೂರುತ್ತಿಲ್ಲ. ಇಸ್ಲಾಮ್ ತನಗೆ ಕೊಟ್ಟದ್ದನ್ನು ಜಮಾಅತ್ ಕೊಡಲಿಲ್ಲವೆಂದು ದೂರುತ್ತಿದ್ದಾಳೆ. ಅದು ಅಳಲು. ಅಳಲನ್ನು ಕೇಳಿಸಿಕೊಳ್ಳುವುದು ಸುನ್ನತ್ ಎಂದು ಖೌಲಾ(ರ)ರ ಘಟನೆ ಕಲಿಸುತ್ತದೆ.

ಸಿನಿಮಾ ಮೆಚ್ಚಿದ ಸೂಲಗಿತ್ತಿ

ಕಾಸರವಳ್ಳಿಯವರದೇ ಇನ್ನೊಂದು ಚಿತ್ರ 2008ರ ‘ಗುಲಾಬಿ ಟಾಕೀಸು’. ವೈದೇಹಿಯವರ ಕಥೆಯಿಂದ ಹೊರಟು, ಸೂಲಗಿತ್ತಿಯನ್ನು ಗುಲಾಬಿ ಎಂಬ ಮುಸ್ಲಿಮ್ ಮಹಿಳೆಯಾಗಿ ರೂಪಿಸಿ, ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿನಲ್ಲಿ ಕಥೆಯನ್ನು ನೆಲೆಗೊಳಿಸಿದ್ದಾರೆ. ಉಮಾಶ್ರೀ ಅವರಿಗೆ ಇದರ ಅಭಿನಯಕ್ಕಾಗಿ ರಾಷ್ಟ್ರ ಪ್ರಶಸ್ತಿ ಬಂತು. ಗುಲಾಬಿಗೆ ಗಂಡನಿದ್ದೂ ಇಲ್ಲ, ಅವನು ಎರಡನೆಯ ಹೆಂಡತಿಯ ಜೊತೆ ಇದ್ದಾನೆ. ಅವಳಿಗಿರುವ ಒಂದೇ ಸುಖ ಸಿನಿಮಾ. ಟಾಕೀಸಿನಲ್ಲಿ ಕುಳಿತವಳನ್ನು ಎಬ್ಬಿಸಿಕೊಂಡು ಹೋಗಿ ಹೆರಿಗೆ ಮಾಡಿಸುತ್ತಾರೆ. ಅದಕ್ಕೆ ಉಡುಗೊರೆಯಾಗಿ ಬಣ್ಣದ ಟಿವಿ, ಡಿಶ್ ಆಂಟೆನಾ ಬರುತ್ತದೆ. ಬೆಸ್ತರ ಹೆಂಗಸರು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬರತೊಡಗುತ್ತಾರೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಟಿವಿಯ ಮೂಲಕ ಊರಿಗೆ ಸಂಶಯವೂ ಬರುತ್ತದೆ. ಮೀನಿನ ವ್ಯಾಪಾರದ ಪೈಪೋಟಿ ಹಿಂದೂ ಮುಸ್ಲಿಮ್ ಜಗಳವಾಗುತ್ತದೆ. ಊರಿನ ಎಷ್ಟೋ ಕೂಸುಗಳ ಹೊಕ್ಕುಳ ಬಳ್ಳಿ ಕತ್ತರಿಸಿದವಳು ಊರು ಬಿಡಬೇಕಾಗುತ್ತದೆ.

ಖಾಲಾ ಈ ಚಿತ್ರವನ್ನು ಮೂರು ಸಲ ನೋಡಿದ್ದಾರೆ. “ಗುಲಾಬಿ ನಾನೇ” ಎನ್ನುತ್ತಾರೆ. ಅವರ ಮನೆಗೂ ಅಕ್ಕಪಕ್ಕದ ಮನೆಗಳ ಹೆಂಗಸರು, ಕುಂಕುಮ ಇಟ್ಟವರೂ ಇಡದವರೂ, ಟಿವಿ ನೋಡಲು ಬಂದು ಕೂರುತ್ತಿದ್ದ ಕಾಲವಿತ್ತು. “ಈಗ ಎಲ್ಲರ ಕೈಯಲ್ಲೂ ಒಂದೊಂದು ಟಾಕೀಸು. ಯಾರು ಯಾರ ಮನೆಗೆ ಬರ್ತಾರೆ? ಒಟ್ಟಿಗೆ ಕೂತು ನೋಡ್ದಾಗ ಸುಳ್ಳು ಬಂದ್ರೆ ಪಕ್ಕದಲ್ಲಿದ್ದೋಳು ‘ಹಾಗೇನಿಲ್ಲ ಕಣೇ, ನಮ್ಮ ಖಾಲಾನ ನೋಡು’ ಅಂತಿದ್ಲು. ಒಬ್ಬೊಬ್ರೇ ನೋಡುವಾಗ ಆ ಮಾತು ಯಾರು ಹೇಳ್ತಾರೆ?”

ಈ ಮಾತು ನನಗೆ ತುಂಬ ದೊಡ್ಡದಾಗಿ ಕಂಡಿತು. ಸುಳ್ಳು ಚಿತ್ರಕ್ಕೆ ಬಲ ಬರುವುದು ನೋಡುವವರಿಗೆ ನಮ್ಮ ಮನೆಯ ಪರಿಚಯವಿಲ್ಲದಾಗ.

‘ಬ್ಯಾರಿ’ ಎತ್ತಿದ ಪ್ರಶ್ನೆ

ಈಗ ನಮ್ಮ ಹುಡುಗಿಯರಿಗೆ ಎದುರಾಗುವ ಹಲಾಲಾದ ಪ್ರಶ್ನೆಗೆ ಬರೋಣ. 2011ರ ‘ಬ್ಯಾರಿ’ ಚಿತ್ರ ಬ್ಯಾರಿ ಭಾಷೆಯ ಮೊದಲ ಚಲನಚಿತ್ರ. ನಿರ್ದೇಶಕ ಸುವೀರನ್. ಆ ವರ್ಷದ ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣ ಕಮಲವನ್ನು ಅದು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅದರ ಕಥೆ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದೇ, ತಮ್ಮ ಅನುಮತಿ ಪಡೆದಿಲ್ಲ ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೆ ಹೋದರು. 2023ರ ಜನವರಿಯಲ್ಲಿ ನಿಧನರಾದ ಸಾರಾ ಅವರ ಆ ಕಾದಂಬರಿಯಲ್ಲಿ ನಾದಿರಾ ಎಂಬ ಹುಡುಗಿ ತಂದೆಯ ಹಟದಿಂದಾಗಿ ಗಂಡನಿಂದ ಬೇರೆಯಾಗುತ್ತಾಳೆ. ಮತ್ತೆ ಒಂದಾಗಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕು ಎನ್ನುತ್ತಾರೆ. ಅದನ್ನು ಒಪ್ಪದ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಇದನ್ನು ನೋಡಿದ ಬೇರೆ ಧರ್ಮದ ಗೆಳತಿ ‘ನಿಮ್ಮ ಧರ್ಮ ಹೀಗಾ?’ ಎಂದು ಕೇಳಿದರೆ ನಮ್ಮ ಹುಡುಗಿ ಏನು ಹೇಳಬೇಕು?

ಶರೀಅತ್ ಹೇಳುವುದನ್ನು ಸರಳವಾಗಿ ಹೇಳುತ್ತೇನೆ. ‘ಅಲ್ ಬಕರಃ’ ಅಧ್ಯಾಯದ 229 ಮತ್ತು 230ನೆಯ ಸೂಕ್ತಗಳ ಪ್ರಕಾರ ತಲಾಕ್ ನೀಡಿ ಮರಳಿ ಕೂಡಿಕೊಳ್ಳುವ ಅವಕಾಶ ಎರಡು ಸಲ ಮಾತ್ರ. ಮೂರನೆಯ ಸಲವೂ ತಲಾಕ್ ಕೊಟ್ಟರೆ ದಾಂಪತ್ಯ ಮುಗಿಯಿತು. ಆಕೆ ಸ್ವತಂತ್ರಳು. ಮುಂದೆ ಆಕೆ ತನ್ನ ಇಷ್ಟದಂತೆ ಇನ್ನೊಬ್ಬನನ್ನು ಮದುವೆಯಾಗಿ ಬಾಳುತ್ತಿದ್ದು, ಅವನು ತೀರಿಕೊಂಡರೆ ಅಥವಾ ಆ ಮದುವೆ ಸಹಜವಾಗಿ ಮುರಿದುಬಿದ್ದರೆ, ಆಗ ಮೊದಲಿನವನನ್ನು ಮದುವೆಯಾಗಲು ಅಡ್ಡಿಯಿಲ್ಲ ಅಷ್ಟೆ. ಹೆಂಡತಿಯನ್ನು ಆಟದ ವಸ್ತುವಿನಂತೆ ಬಿಟ್ಟು ಹಿಡಿದು ಮಾಡುತ್ತಿದ್ದ ಗಂಡಸರಿಗೆ ಹಾಕಿದ ಕಡಿವಾಣವಿದು. ಒಂದು ರಾತ್ರಿಗೆಂದು ಮೊದಲೇ ಮಾತಾಡಿಕೊಂಡು ಮಾಡುವ ಮದುವೆ ಶರೀಅತ್ತಿನ ವ್ಯವಸ್ಥೆಯಲ್ಲ, ಅದರ ಅಪಹಾಸ್ಯ. ಹಾಗೆ ಮಾಡುವವನ ಮೇಲೂ ಮಾಡಿಸಿಕೊಳ್ಳುವವನ ಮೇಲೂ ಶಾಪವಿದೆ ಎಂಬ ಹದೀಸ್ ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ.

ಆದ್ದರಿಂದ ನಮ್ಮ ಹುಡುಗಿ ತಲೆ ತಗ್ಗಿಸಬೇಕಾಗಿಲ್ಲ. ‘ಆ ಚಿತ್ರದಲ್ಲಿ ತೋರಿಸಿದ್ದು ನಮ್ಮ ಧರ್ಮ ಶಪಿಸಿದ ಪದ್ಧತಿ. ಹಾಗೆ ಮಾಡಿದವರು ಇದ್ದರೆ ಅವರು ತಪ್ಪಿತಸ್ಥರು’ ಎಂದು ನೇರವಾಗಿ ಹೇಳಬಹುದು. ಅಂಥವರೇ ಇಲ್ಲ ಎಂದು ಸುಳ್ಳು ಹೇಳುವುದು ಬೇಡ. ಒಂದೇ ಉಸಿರಿನಲ್ಲಿ ಮೂರು ತಲಾಕ್ ಹೇಳಿ ಹೆಂಡತಿಯನ್ನು ಬೀದಿಗೆ ಹಾಕಿದವರು ನಮ್ಮ ಮೊಹಲ್ಲಾಗಳಲ್ಲೇ ಇದ್ದರು. ನಾವು ಸುಮ್ಮನಿದ್ದೆವು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು, 2019ರಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಆಯಿತು. ಆ ಕಾನೂನಿನ ಉದ್ದೇಶ, ಪರಿಣಾಮಗಳ ಬಗ್ಗೆ ಚರ್ಚೆ ಇದೆ. ಆದರೆ ಜಮಾಅತ್‌ಗಳು ಸಕಾಲದಲ್ಲಿ ಖೌಲಾರಂಥವರ ಮಾತಿಗೆ ಕಿವಿಗೊಟ್ಟಿದ್ದರೆ ವಿಷಯ ಅಲ್ಲಿಯವರೆಗೆ ಹೋಗುತ್ತಿತ್ತೇ?

ಅಪವಾದಕ್ಕೆ ಉತ್ತರ ಯಾವುದು?

ಎಲ್ಲ ಚಿತ್ರಗಳೂ ಅಳಲನ್ನೇ ಹೇಳುವುದಿಲ್ಲ. 2023ರ ಮೇ 5ರಂದು ಬಿಡುಗಡೆಯಾದ ‘ದಿ ಕೇರಳ ಸ್ಟೋರಿ’ಯನ್ನು ನೋಡಿ. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಭಯೋತ್ಪಾದಕರ ಪಾಲಾದರೆಂದು ಅದರ ಟೀಸರ್ ಸಾರಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. 32,000 ಎಂಬ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ, ಇದು ಕಾಲ್ಪನಿಕ ನಿರೂಪಣೆ ಎಂಬ ಸೂಚನೆಯನ್ನು ಚಿತ್ರದಲ್ಲಿ ಸೇರಿಸಲು ನಿರ್ಮಾಪಕರು ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಳ್ಳಬೇಕಾಯಿತು. ಆದರೂ 2025ರಲ್ಲಿ ಪ್ರಕಟವಾದ ರಾಷ್ಟ್ರ ಪ್ರಶಸ್ತಿಗಳಲ್ಲಿ ಅದರ ನಿರ್ದೇಶಕರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. ಮೂವತ್ತೆರಡು ಸಾವಿರವೆಂಬ ಸಂಖ್ಯೆ ಕೇಳಿದವರೆಷ್ಟು, ಆಧಾರವಿಲ್ಲವೆಂಬ ಸೂಚನೆ ಓದಿದವರೆಷ್ಟು?

ಮರುವರ್ಷ ‘ಹಮಾರೇ ಬಾರಹ್’ ಬಂತು. ಜನಸಂಖ್ಯೆಯ ಹೆಸರಿನಲ್ಲಿ ಮುಸ್ಲಿಮ್ ಕುಟುಂಬವೊಂದನ್ನು ಅದು ಚಿತ್ರಿಸಿತ್ತು. ಟ್ರೈಲರ್ ಬಂದಾಗಲೇ ಕುರ್‌ಆನಿನ ಸೂಕ್ತಕ್ಕೆ ತಪ್ಪು ಅರ್ಥ ಹಚ್ಚಲಾಗಿದೆಯೆಂದು ಆಕ್ಷೇಪ ಎದ್ದಿತು. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಅದರ ಪ್ರದರ್ಶನವನ್ನು ಎರಡು ವಾರ ತಡೆಯಿತು. ಬಾಂಬೆ ಹೈಕೋರ್ಟಿನಲ್ಲಿ ವಿಚಾರಣೆ ನಡೆದು, ಕೆಲವು ಭಾಗಗಳನ್ನು ತೆಗೆದ ನಂತರವಷ್ಟೇ ಬಿಡುಗಡೆಯಾಯಿತು.

ಇದಕ್ಕೆ ಅಪವಾದ ಎನ್ನುತ್ತೇವೆ, ಕುರ್‌ಆನಿನ ಭಾಷೆಯಲ್ಲಿ ‘ಬುಹ್ತಾನ್’. ಅಳಲಿಗೂ ಅಪವಾದಕ್ಕೂ ಇರುವ ವ್ಯತ್ಯಾಸವನ್ನು ಖಾಲಾ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: “ಹಸೀನಾ ನೋಡಿದ್ರೆ ಹಸೀನಾಗೆ ಒಳ್ಳೇದಾಗ್ಲಿ ಅನ್ಸುತ್ತೆ. ಇಂಥಾದ್ದು ನೋಡಿದ್ರೆ ಪಕ್ಕದ ಮನೆಯವರ ಬಗ್ಗೆ ಭಯ ಆಗುತ್ತೆ. ಅಷ್ಟೇ ನೋಡು ಗುರುತು.” ಓದಿದವರು ಪುಟಗಟ್ಟಲೆ ಬರೆಯುವುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

‘ಅಲ್ ಹುಜುರಾತ್’ ಅಧ್ಯಾಯದ ಆರನೆಯ ಸೂಕ್ತ ವಿಶ್ವಾಸಿಗಳಿಗೆ ಒಂದು ನಿಯಮ ಕೊಟ್ಟಿದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿರಿ, ಇಲ್ಲವಾದರೆ ತಿಳಿಯದೆ ಒಂದು ಜನರಿಗೆ ಕೇಡು ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬುದು ಅದರ ತಾತ್ಪರ್ಯ. ನಮ್ಮ ಮೇಲೆ ಅಪವಾದ ಬಂದಾಗ ಇತರರಿಂದ ನಾವು ನಿರೀಕ್ಷಿಸುವುದು ಇದನ್ನೇ. ಹಾಗಾದರೆ ಬೇರೆಯವರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವಾಗ ನಾವೂ ಅದನ್ನು ಪಾಲಿಸಬೇಕಲ್ಲವೇ?

ಸಿಟ್ಟಿನಿಂದ ಟಾಕೀಸಿಗೆ ಕಲ್ಲೆಸೆಯುವುದು ಉತ್ತರವಲ್ಲ. ಅದರಿಂದ ಆ ಚಿತ್ರಕ್ಕೇ ಪ್ರಚಾರ. ಮೇಲಿನ ಎರಡೂ ಪ್ರಕರಣಗಳಲ್ಲಿ ಫಲ ಕೊಟ್ಟದ್ದು ಅರ್ಜಿ, ದಾಖಲೆ ಮತ್ತು ನ್ಯಾಯಾಲಯ ಎಂಬುದನ್ನು ಗಮನಿಸಿ.

ಪಕ್ಕದ ಬೆಂಚಿನ ಮುಸ್ತಫಾ

‘ದಿ ಕೇರಳ ಸ್ಟೋರಿ’ ಬಂದ ಎರಡೇ ವಾರಕ್ಕೆ, 2023ರ ಮೇ 19ರಂದು, ಕನ್ನಡದಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಬಿಡುಗಡೆಯಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ. ತೇಜಸ್ವಿಯವರ ನೂರಕ್ಕೂ ಹೆಚ್ಚು ಓದುಗರು ಕೈಯಿಂದ ಹಣ ಹಾಕಿ ಮಾಡಿದ ಚಿತ್ರವಿದು. ಅಬಚೂರಿನ ಕಾಲೇಜಿಗೆ ಮುಸ್ಲಿಮ್ ಹುಡುಗನೊಬ್ಬ ಸೇರುತ್ತಾನೆ. ಅವನನ್ನು ಕಂಡರೆ ಇತರರಿಗೆ ಕುತೂಹಲ, ಅನುಮಾನ. ಅವನ ಬಗ್ಗೆ ಅವರಿಗೆ ಗೊತ್ತಿರುವುದೆಲ್ಲ ಗಾಳಿಮಾತು. ಒಟ್ಟಿಗೆ ಕ್ರಿಕೆಟ್ ಆಡುವ ಹೊತ್ತಿಗೆ ಆ ಅನುಮಾನ ಕರಗುತ್ತದೆ. ರಾಜ್ಯ ಸರ್ಕಾರ ಆ ಚಿತ್ರಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು.

ಮಲಯಾಳದ ‘ಸುಡಾನಿ ಫ್ರಮ್ ನೈಜೀರಿಯಾ’ (2018) ಕೂಡ ಇಂಥದೇ. ಮಲಪ್ಪುರಂನ ಫುಟ್ಬಾಲ್ ತಂಡದಲ್ಲಿ ಆಡಲು ಬಂದ ಆಫ್ರಿಕಾದ ಯುವಕ ಗಾಯಗೊಂಡು ಮುಸ್ಲಿಮ್ ಮನೆಯೊಂದಕ್ಕೆ ಬರುತ್ತಾನೆ. ಭಾಷೆ ಬಾರದ ಆ ಹುಡುಗನನ್ನು ಇಬ್ಬರು ವೃದ್ಧೆಯರು ಹೆತ್ತ ಮಗನಂತೆ ಆರೈಕೆ ಮಾಡುತ್ತಾರೆ. ಬಾಂಬಿಲ್ಲ, ತಲಾಕ್ ಇಲ್ಲ, ಖವ್ವಾಲಿಯೂ ಇಲ್ಲ. ಖಾಲಾ ಇದನ್ನು ನೋಡಿ ಹೇಳಿದ್ದು ಒಂದೇ ಮಾತು: “ಇದು ನಮ್ಮ ಮನೆ.”

ಅದೇ ಚಿತ್ರದ ನಿರ್ದೇಶಕ ಝಕರಿಯಾ 2020ರಲ್ಲಿ ‘ಹಲಾಲ್ ಲವ್ ಸ್ಟೋರಿ’ ಮಾಡಿದರು. ಧಾರ್ಮಿಕ ಸಂಘಟನೆಯೊಂದರ ಕಾರ್ಯಕರ್ತರು ಶರೀಅತ್ತಿನ ಚೌಕಟ್ಟಿನಲ್ಲಿ ಟೆಲಿಫಿಲ್ಮ್ ಮಾಡಲು ಹೊರಡುವ ಕಥೆ. ಗಂಡ ಹೆಂಡತಿಯ ಪಾತ್ರಕ್ಕೆ ನಿಜವಾದ ದಂಪತಿಯೇ ಬೇಕೆಂದು ಹುಡುಕುತ್ತಾರೆ. ನಟಿಸಲು ಬಂದ ಗೃಹಿಣಿ ಆ ನೆಪದಲ್ಲಿ ಗಂಡನ ಮುಂದೆ ಎಂದೂ ಆಡದ ಮಾತುಗಳನ್ನು ಆಡತೊಡಗುತ್ತಾಳೆ. ಸಂಘಟನೆಯವರನ್ನು ಚಿತ್ರ ಪ್ರೀತಿಯಿಂದಲೇ ನಗಿಸುತ್ತದೆ, ಹೀಯಾಳಿಸುವುದಿಲ್ಲ. ನಮ್ಮವರೇ ಕ್ಯಾಮೆರಾ ಹಿಡಿದರೆ ಅಳಲನ್ನೂ ನಗುವನ್ನೂ ಒಟ್ಟಿಗೆ ಹೇಳಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

‘ಹಕ್’ ಮತ್ತು ನಮ್ಮ ಹಕ್ಕು

2025ರ ನವೆಂಬರ್ 7ರಂದು ತೆರೆಕಂಡ ಹಿಂದಿ ಚಿತ್ರ ‘ಹಕ್’ ಶಾಹ್ ಬಾನು ಪ್ರಕರಣದಿಂದ ಪ್ರೇರಿತ. ಯಾಮಿ ಗೌತಮ್ ಮತ್ತು ಇಮ್ರಾನ್ ಹಾಶ್ಮಿ ನಟಿಸಿದ್ದಾರೆ. ಇಂದೋರಿನ ಶಾಹ್ ಬಾನು ಅವರಿಗೆ 1978ರಲ್ಲಿ ವಕೀಲ ಗಂಡ ತಲಾಕ್ ನೀಡಿದಾಗ ಅವರ ವಯಸ್ಸು 62. ಹೈಕೋರ್ಟ್ ನಿಗದಿಪಡಿಸಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. ಅದನ್ನು ಪ್ರಶ್ನಿಸಿ ಗಂಡ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ತೀರ್ಪು ಶಾಹ್ ಬಾನು ಪರವಾಗಿ ಬಂತು, ದೇಶದಾದ್ಯಂತ ವಿವಾದವೆದ್ದಿತು, 1986ರಲ್ಲಿ ಹೊಸ ಕಾಯ್ದೆ ಬಂತು.

ಬಿಡುಗಡೆಗೆ ಮುನ್ನ ಶಾಹ್ ಬಾನು ಅವರ ಮಗಳು, ಕುಟುಂಬದ ಒಪ್ಪಿಗೆ ಪಡೆದಿಲ್ಲವೆಂದು ಮಧ್ಯಪ್ರದೇಶ ಹೈಕೋರ್ಟಿನ ಮೊರೆಹೋದರು. ಅರ್ಜಿ ವಜಾ ಆಯಿತು. ಸಾರಾ ಅಬೂಬಕ್ಕರ್ ಎತ್ತಿದ್ದ ಆಕ್ಷೇಪ ಇಲ್ಲಿ ಮತ್ತೆ ಬೇರೆ ರೂಪದಲ್ಲಿ ಬಂದಿತು. ನಮ್ಮ ಹೆಂಗಸರ ಕಥೆ ಎಲ್ಲರಿಗೂ ಬೇಕು, ಆದರೆ ಅವರ ಮಾತು ಕೇಳುವವರು ಯಾರು?

ಚಿತ್ರ ಹಿಡಿಸಲಿ ಬಿಡಲಿ, ಅದರ ನೆಪದಲ್ಲಿ ನಮ್ಮ ಸಹೋದರಿಯರು ತಿಳಿದಿರಬೇಕಾದ ಸಂಗತಿಗಳಿವೆ. ವಿಚ್ಛೇದಿತೆಗೆ ನ್ಯಾಯೋಚಿತವಾಗಿ ಏನನ್ನಾದರೂ ಕೊಟ್ಟು ಕಳಿಸುವುದು ದೇವಭಯವುಳ್ಳವರ ಕರ್ತವ್ಯವೆಂದು ‘ಅಲ್ ಬಕರಃ’ದ 241ನೆಯ ಸೂಕ್ತ ತಿಳಿಸುತ್ತದೆ. 1986ರ ಕಾಯ್ದೆಯ ಪ್ರಕಾರವೂ ಇದ್ದತ್‌ನ ಅವಧಿಯೊಳಗೆ ಆಕೆಯ ಮುಂದಿನ ಬದುಕಿಗೂ ಸಾಕಾಗುವಂತೆ ನ್ಯಾಯಯುತ ವ್ಯವಸ್ಥೆ ಮಾಡಲೇಬೇಕೆಂದು 2001ರ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 10ರಂದು ಇನ್ನೊಂದು ತೀರ್ಪಿನಲ್ಲಿ, ವಿಚ್ಛೇದಿತ ಮುಸ್ಲಿಮ್ ಮಹಿಳೆ ಎಲ್ಲ ಮಹಿಳೆಯರಿಗೂ ಇರುವ ಸಾಮಾನ್ಯ ಕಾನೂನಿನ ಅಡಿಯಲ್ಲೂ ಜೀವನಾಂಶ ಕೇಳಬಹುದೆಂದು ಸ್ಪಷ್ಟಪಡಿಸಿತು. ಸಿನಿಮಾದಿಂದ ಕಣ್ಣೀರು ಬಂದರೆ ಸಾಲದು, ಸಂಕಟದಲ್ಲಿರುವ ನೆರೆಯ ಹೆಣ್ಣಿಗೆ ಈ ಮಾಹಿತಿ ತಲುಪಬೇಕು.

ಮನೆಯಲ್ಲಿ ನಾವೇನು ಮಾಡಬಹುದು?

ಮೊದಲನೆಯದಾಗಿ, ಹದಿಹರೆಯದ ಮಕ್ಕಳ ಜೊತೆ ಕುಳಿತು ನೋಡಿ. ಅವರು ಹೇಗೂ ನೋಡುತ್ತಾರೆ. ನೀವು ಪಕ್ಕದಲ್ಲಿದ್ದರೆ ಆಯ್ಕೆಯೂ ಸುಧಾರಿಸುತ್ತದೆ, ಪ್ರಶ್ನೆಯೂ ನಿಮ್ಮಲ್ಲೇ ಬರುತ್ತದೆ.

ಎರಡನೆಯದಾಗಿ, ಚಿತ್ರ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿ. ಈ ಕಥೆ ಬರೆದವರು ಯಾರು? ಅವರಿಗೆ ಈ ಮನೆಗಳು ಗೊತ್ತೇ? ಇದರಲ್ಲಿ ತೋರಿಸಿದ್ದು ದೀನ್‌ನ ಆಜ್ಞೆಯೋ, ಊರಿನ ಪದ್ಧತಿಯೋ? ಸಂಖ್ಯೆ ಹೇಳಿದ್ದರೆ ಆಧಾರ ಕೊಟ್ಟಿದ್ದಾರೆಯೇ? ನೋಡಿದ ಮೇಲೆ ನೊಂದವಳ ಮೇಲೆ ಕರುಣೆ ಬಂತೋ, ಒಂದು ಸಮುದಾಯದ ಮೇಲೆ ದ್ವೇಷ ಬಂತೋ? ಈ ಪ್ರಶ್ನೆಗಳನ್ನು ಹುಡುಗಿಯರೇ ಕೇಳುವುದನ್ನು ಕಲಿತರೆ ಮುಂದೆ ಬರುವ ಯಾವ ಟ್ರೈಲರಿಗೂ ಅವರು ಹೆದರಬೇಕಾಗಿಲ್ಲ.

ಮೂರನೆಯದಾಗಿ, ಚಿತ್ರದಲ್ಲಿರುವುದು ನಿಜವಾದ ಅಳಲಾಗಿದ್ದರೆ ನಮ್ಮ ಮೊಹಲ್ಲಾದಲ್ಲಿ ಅಂಥವರು ಇದ್ದಾರೆಯೇ ಎಂದು ನೋಡಿ. ಹಸೀನಾಳಿಗಾಗಿ ಮರುಗಿ, ಎರಡು ಮನೆ ಆಚೆ ಅರ್ಜಿ ಹಿಡಿದು ಅಲೆಯುವವಳನ್ನು ಮರೆತರೆ ಏನು ಪ್ರಯೋಜನ?

ನಾಲ್ಕನೆಯದಾಗಿ, ಹಬ್ಬಕ್ಕೆ ಶೀರ್ ಖುರ್ಮಾ ಕಳಿಸುವ ನೆರೆಮನೆಯವರನ್ನು ಒಮ್ಮೆ ಚಿತ್ರ ನೋಡಲೂ ಕರೆಯಿರಿ. ‘ಸುಡಾನಿ’ಯನ್ನೋ ‘ಮುಸ್ತಫಾ’ನನ್ನೋ ಒಟ್ಟಿಗೆ ನೋಡಿ. ಗುಲಾಬಿಯ ಗುಡಿಸಲಿನಲ್ಲಿ ನಡೆದದ್ದು ನಮ್ಮ ಹಜಾರದಲ್ಲೂ ನಡೆಯಬಹುದು, ಅದರ ಕೊನೆಯನ್ನು ಬಿಟ್ಟು.

ಇನ್ನು ಬರಬೇಕಾದ ಚಿತ್ರಗಳ ಬಗ್ಗೆ ಖಾಲಾ ಅವರ ಬಯಕೆಯ ಪಟ್ಟಿ ಚಿಕ್ಕದು. ಮೈಸೂರಿನ ಮೊಹಲ್ಲಾದಲ್ಲಿ ಕುಳಿತು ಅಗರಬತ್ತಿ ಹೊಸೆದು ಮಗಳನ್ನು ನರ್ಸ್ ಮಾಡಿದ ತಾಯಿಯ ಕಥೆ. ಬಸ್ಸಿನಲ್ಲಿ ಓಡಾಡಿ ಕನ್ನಡ ಕಲಿಸುವ ಶಿಕ್ಷಕಿಯ ಕಥೆ. ಹೆಂಡತಿಯನ್ನು ಗೌರವದಿಂದ ನಡೆಸಿಕೊಂಡ ಸಾಮಾನ್ಯ ಗಂಡನೊಬ್ಬನ ಕಥೆ. “ಅಂಥ ಗಂಡಸರೂ ಇದ್ದಾರಲ್ಲ ಬೇಟಿ, ಅವರನ್ನ ಯಾಕೆ ಯಾರೂ ತೋರಿಸಲ್ಲ?” ಎನ್ನುತ್ತಾರೆ.

ತೋರಿಸಬೇಕಾದರೆ ಮೊದಲು ಯಾರಾದರೂ ಬರೆಯಬೇಕು. ‘ಹಸೀನಾ’ದ ಹಿಂದೆಯೂ ‘ಬ್ಯಾರಿ’ಯ ವಿವಾದದ ಹಿಂದೆಯೂ ಇದ್ದದ್ದು ಹೆಣ್ಣೊಬ್ಬಳು ಬರೆದ ಕಥೆ. ಬರೆಯುವ ಆಸೆಯುಳ್ಳ ಮಗಳು ನಿಮ್ಮ ಮನೆಯಲ್ಲಿದ್ದರೆ, ಪಾತ್ರೆ ತೊಳೆಯುವ ಸರದಿಯನ್ನು ಒಂದು ದಿನ ಅಣ್ಣನಿಗೆ ಒಪ್ಪಿಸಿ, ಅವಳ ಕೈಗೆ ಪೆನ್ನು ಕೊಡಿ.